ಗಿರಣಿ ದೊಡ್ಡದಾದರೆ ಕಾಳು ಹೆಚ್ಚಾದೀತೇ?

ಸಿರಿಧಾನ್ಯದ ಹೊಟ್ಟು ತೆಗೆಯುವ ಯಂತ್ರ ಹಾಕಬೇಕು ಅಂತ ಈಗ ಊರೂರಲ್ಲಿ ಮಾತು. ಹಾಕಬೇಕು, ಅದಕ್ಕೆ ನನ್ನ ತಕರಾರಿಲ್ಲ. ಸಾವೆ ಬೆಳೆಯೋರು ನಾವು, ಅಕ್ಕಿ ಮಾಡಿಸೋಕೆ ದೂರದ ಪೇಟೆಗೆ ಹೋಗಬೇಕು. ಮನೆ ಹೆಂಗಸರು ಮತ್ತೆ ಒನಕೆ ಹಿಡಿಯಲಿ ಅನ್ನೋದು ನ್ಯಾಯವಲ್ಲ. ನನ್ನ ತಕರಾರು ಇರೋದು ಯಂತ್ರ ಎಷ್ಟು ದೊಡ್ಡದಿರಬೇಕು ಅನ್ನೋದರಲ್ಲಿ.

ಹೊಸದುರ್ಗ ಸೀಮೆಯ ನಮ್ಮ ಗುಂಪಿನ ಮುಂದೆ ಈಗ ಇದೇ ಪ್ರಶ್ನೆ. ಗಂಟೆಗೆ 5 ಕ್ವಿಂಟಾಲಿನದ್ದೋ, 1 ಕ್ವಿಂಟಾಲಿನದ್ದೋ? 'ಹಾಕೋದೇ ಹಾಕ್ತೀವಿ, ದೊಡ್ಡದೇ ಇರಲಿ' ಅನ್ನೋರು ಜಾಸ್ತಿ. ಲೆಕ್ಕ ಹಾಕಿ ನೋಡಿದೋರು ಕಮ್ಮಿ. ಏಳನೇ ಕ್ಲಾಸಿನ ಗಣಿತ ಸಾಕು, ಬನ್ನಿ ಹಾಕೋಣ.

ಒಂದು ಗುಂಪಿನಲ್ಲಿ 60 ಮನೆ ಅಂತ ಹಿಡಿಯಿರಿ. ಮನೆಗೆ 2 ಎಕರೆ ಸಾವೆ, ಎಕರೆಗೆ 4 ಕ್ವಿಂಟಾಲ್. ಒಟ್ಟು 480 ಕ್ವಿಂಟಾಲ್ ಆಯಿತು. ಬೀಜಕ್ಕೆ ಇಡಬೇಕು, ಕೈಸಾಲ ತೀರಿಸೋಕೆ ಕಣದಲ್ಲೇ ಮಾರೋರೂ ಇರ್ತಾರೆ. ಅರ್ಧ ಯಂತ್ರಕ್ಕೆ ಬಂದರೆ ಪುಣ್ಯ. ಅಂದರೆ 240 ಕ್ವಿಂಟಾಲ್. ದೊಡ್ಡ ಯಂತ್ರಕ್ಕೆ ಇದು 48 ಗಂಟೆಯ ಕೆಲಸ. ದಿನಕ್ಕೆ 6 ಗಂಟೆ ಓಡಿಸಿದರೆ 8 ದಿನಕ್ಕೆ ಮುಗೀತು. ಉಳಿದ 357 ದಿನ ಅದು ಟಾರ್ಪಾಲ್ ಹೊದ್ದು ಮಲಗುತ್ತೆ. ಬ್ಯಾಂಕಿನ ಬಡ್ಡಿ ಮಾತ್ರ ಒಂದು ದಿನವೂ ಮಲಗೋದಿಲ್ಲ. ಸಣ್ಣ ಯಂತ್ರಕ್ಕೆ ಅದೇ ಕಾಳು 40 ದಿನದ ಕೆಲಸ.

ಇದು ಒಳ್ಳೆ ಮಳೆಯ ವರ್ಷದ ಲೆಕ್ಕ. 2023 ಅನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಅಂತ ಸಾರಿತ್ತು. ಅದೇ ವರ್ಷ ನಮ್ಮ ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತ ಅಂತ ಘೋಷಣೆಯಾದವು. ಬೆದ್ದಲು ರೈತ ಯಂತ್ರದ ಅಳತೆ ನೋಡಬೇಕಾದ್ದು ಬರದ ವರ್ಷದ ರಾಶಿ ಮುಂದಿಟ್ಟುಕೊಂಡು.

ಇನ್ನೊಂದು ಮಾತು. ಕಾಳೆಲ್ಲ ಒಂದೇ ಸಲ ಅಕ್ಕಿ ಮಾಡಿ ಇಡೋ ಹಾಗಿಲ್ಲ. ಸಿಪ್ಪೆ ಇರೋವರೆಗೆ ಸಾವೆ ವರ್ಷಗಟ್ಟಲೆ ಕೆಡೋದಿಲ್ಲ. ಸಿಪ್ಪೆ ತೆಗೆದ ಮೇಲೆ ತೌಡಿನಲ್ಲಿರೋ ಎಣ್ಣೆ ಕಮಟು ಹಿಡಿಯುತ್ತೆ, ಹುಳವೂ ಬೇಗ ಬೀಳುತ್ತೆ. ಗಿರಾಕಿ ಕೇಳಿದಾಗ ಕೇಳಿದಷ್ಟು ಮಾಡಿಕೊಡೋದೇ ಸರಿ. 240 ಕ್ವಿಂಟಾಲನ್ನು ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 24. ಸಣ್ಣ ಯಂತ್ರಕ್ಕೇ ಅದು ನಾಲ್ಕು ದಿನದ ಕೆಲಸ! ಹಾಗಾದರೆ ನಮಗೆ ಕೊರತೆ ಇರೋದು ಯಂತ್ರದ ವೇಗದ್ದಲ್ಲ. ಕಾಳು ಕಾಪಾಡುವ ಗೋದಾಮು, ಮತ್ತು ಕಾಳು ಹಾಕಿದ ದಿನವೇ ರೈತನಿಗೆ ಸ್ವಲ್ಪ ಮುಂಗಡ ಕೊಡುವಷ್ಟು ದುಡ್ಡು, ಇವೆರಡರದ್ದು.

ಯಂತ್ರದ ತಗಡಿನ ಮೇಲೆ ಬರೆದ ಅಂಕಿಯನ್ನೂ ಪೂರ್ತಿ ನಂಬಬೇಡಿ. ಜರಡಿ ಆಡಿಸಬೇಕು, ಕಲ್ಲು ತೆಗೀಬೇಕು, ಸಿಪ್ಪೆ ಬಿಡಿಸಬೇಕು, ಹೊಟ್ಟು ತೂರಬೇಕು, ಬಿಡದ ಕಾಳನ್ನು ಇನ್ನೊಂದು ಸಲ ಹಾಕಬೇಕು. ಹಾರಕದ ಸಿಪ್ಪೆಯಂತೂ ಬಲು ಗಟ್ಟಿ. ಇಷ್ಟರಲ್ಲಿ ಯಾವುದು ನಿಧಾನವೋ ಇಡೀ ಗಿರಣಿಯ ವೇಗ ಅಷ್ಟೇ. ಕೂರಿಗೆಗೆ ಎಷ್ಟು ತಾಳಿದ್ದರೇನು, ಎತ್ತು ಎಳೆದಷ್ಟೇ ಬಿತ್ತನೆ. ಕಾಳು ಹಸಿ ಇದ್ದರೆ ಸಿಪ್ಪೆ ಸರಿಯಾಗಿ ಬಿಡೋದಿಲ್ಲ. ಒಣಗಿಸೋ ಕಣ ಚಿಕ್ಕದಾದರೆ ದೊಡ್ಡ ಯಂತ್ರವೂ ಕಾಯುತ್ತಾ ನಿಲ್ಲಬೇಕು.

'ಸಬ್ಸಿಡಿ ಸಿಗುತ್ತೆ, ಬಿಡೋದ್ಯಾಕೆ?' ಅಂತ ಕೇಳ್ತಾರೆ. 2020ರಲ್ಲಿ ಕಿರು ಆಹಾರ ಸಂಸ್ಕರಣೆಗೆ ಅಂತ ಕೇಂದ್ರ ತಂದ ಯೋಜನೆಯಲ್ಲಿ ಸಹಾಯಧನ ಶೇ. 35 ಇತ್ತು. ಆ ಲೆಕ್ಕದಲ್ಲಿ 10 ಲಕ್ಷದ ಯಂತ್ರಕ್ಕೆ ಮೂರೂವರೆ ಲಕ್ಷ ಸರ್ಕಾರದ್ದು. ಆರೂವರೆ ಲಕ್ಷ ನಮ್ಮದೇ, ಅದರಲ್ಲೂ ಹೆಚ್ಚಿನದು ಸಾಲ. ಬಂದ ಸಬ್ಸಿಡಿ ಕಣ್ಣಿಗೆ ಕಾಣುತ್ತೆ, ಕಟ್ಟೋ ಕಂತು ಕಾಣೋದಿಲ್ಲ. ನಮ್ಮ ಪಕ್ಕದ ಗುಂಪೊಂದರ ದೊಡ್ಡ ಯಂತ್ರ ಎರಡು ಸುಗ್ಗಿಯಿಂದ ನಿಂತಿದೆ. ಕಂತು ಕಟ್ಟೋಕೆ ಸದಸ್ಯರು ಕೈಯಿಂದ ವಂತಿಗೆ ಹಾಕ್ತಿದ್ದಾರೆ.

'ಮುಂದೆ ಬೆಳೆ ಹೆಚ್ಚಾದರೆ?' ಅನ್ನೋದು ಸರಿಯಾದ ಪ್ರಶ್ನೆ. ಹೆಚ್ಚಾದಾಗ ಇನ್ನೊಂದು ಸಣ್ಣ ಯಂತ್ರ ತಂದರಾಯಿತು. ಎರಡಿದ್ದರೆ ಒಂದು ಕೆಟ್ಟಾಗ ಇನ್ನೊಂದು ಓಡುತ್ತೆ. ಒಂದೇ ದೊಡ್ಡದು ಕೆಟ್ಟರೆ ಪೇಟೆ ಮೆಕ್ಯಾನಿಕ್ ಬರೋವರೆಗೆ ಎಲ್ಲ ಬಂದ್.

ನಾನು ಹೇಳೋದು ಇಷ್ಟು. ಮೊದಲು ಯಾರು ಎಷ್ಟು ಕಾಳು ಹಾಕ್ತಾರೆ ಅಂತ ಪಟ್ಟಿ ಮಾಡಿ, ಸಹಿ ಹಾಕಿಸಿ. ಬರ ಬಂದರೆ ಎಷ್ಟು ಅನ್ನೋದನ್ನೂ ಪಕ್ಕದಲ್ಲೇ ಬರೆಯಿರಿ. ಆಮೇಲೆ ಕಣ, ಗೋದಾಮು. ಕೊನೆಗೆ ಯಂತ್ರ. ಸುತ್ತಿನ ಮೂರ್ನಾಲ್ಕು ಊರಿನ ಸಾವೆ, ನವಣೆ, ಹಾರಕವನ್ನು ಕೂಲಿಗೆ ಮಾಡಿಕೊಟ್ಟರೆ ಖಾಲಿ ದಿನಗಳು ತುಂಬುತ್ತವೆ. ಧಾನ್ಯ ಬದಲಾದಾಗ ಜರಡಿ ಬದಲಿಸಿ ಯಂತ್ರ ಗುಡಿಸಬೇಕು, ಅದಕ್ಕೆ ಒಂದೊಂದು ಧಾನ್ಯಕ್ಕೆ ಒಂದೊಂದು ವಾರ ಗೊತ್ತು ಮಾಡಿಕೊಳ್ಳೋದು ಒಳ್ಳೇದು.

ಈಗಾಗಲೇ ಯಂತ್ರ ಹಾಕಿರುವ ಓದುಗರಲ್ಲಿ ಒಂದು ಕೋರಿಕೆ. ಎಷ್ಟು ಲಕ್ಷದ ಯಂತ್ರ ಅಂತ ಬೇಡ, ಹೋದ ವರ್ಷ ಅದು ಒಟ್ಟು ಎಷ್ಟು ಗಂಟೆ ಓಡಿತು ಅನ್ನೋದನ್ನು ಪತ್ರಿಕೆಗೆ ಬರೆದು ತಿಳಿಸಿ. ಹೊಸದಾಗಿ ಹಾಕೋರಿಗೆ ಬೇಕಾಗಿರೋದು ಆ ಅಂಕಿ.