ಹದಿನೆಂಟು ತುಂಬಿದ ಹುಡುಗಿ ಎಲ್ಲಿಗೆ ಹೋಗಬೇಕು?

ಸೊಲ್ಲಾಪುರದಿಂದ ಪುಣೆಗೆ ರೈಲಿನಲ್ಲಿ ಹೋಗುವ ನಮ್ಮ ಪಾಲಕರು ದೌಂಡ್ ದಾಟಿದ ಮೇಲೆ ಕೇಡಗಾಂವ ಎಂಬ ಸಣ್ಣ ಸ್ಟೇಶನ್ ನೋಡಿರಬಹುದು. ಪಂಡಿತಾ ರಮಾಬಾಯಿಯವರು ಅನಾಥ ಹೆಣ್ಣುಮಕ್ಕಳಿಗಾಗಿ ಕಟ್ಟಿದ ಮುಕ್ತಿ ಮಿಷನ್ ಇರುವುದು ಆ ಊರಿನಲ್ಲಿಯೇ.

ರಮಾಬಾಯಿಯವರು ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಹರೆಯದಲ್ಲಿಯೇ ಬರಗಾಲಕ್ಕೆ ತಂದೆ, ತಾಯಿ, ಅಕ್ಕ ಮೂವರನ್ನೂ ಕಳೆದುಕೊಂಡರು. ಅಣ್ಣನೊಡನೆ ಊರೂರು ನಡೆಯುತ್ತ, ಪುರಾಣ ಹೇಳುತ್ತ, 1878ರಲ್ಲಿ ಕಲಕತ್ತೆ ಸೇರಿದರು. ಮನೆಯಿಲ್ಲದ ಹುಡುಗಿಯ ಪಾಡನ್ನು ಅವರು ಉಂಡು ಬಲ್ಲವರು. ಅಂತಲೇ 1889ರಲ್ಲಿ ಮುಂಬಯಿಯಲ್ಲಿ ತೆರೆದು ಮರುವರ್ಷ ಪುಣೆಗೆ ತಂದ ಶಾರದಾ ಸದನದಲ್ಲಿ ಅನ್ನದ ಜೊತೆಗೆ ಅಕ್ಷರವನ್ನೂ ಕೊಟ್ಟರು. ಮುಂದಿನ ಬರಗಾಲಗಳಲ್ಲಿ ಕೇಡಗಾಂವಕ್ಕೆ ಬಂದ ಹುಡುಗಿಯರು ನೇಯ್ಗೆ, ಹೊಲಿಗೆ ಕಲಿತರು. ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದರು. ಅವರ ಮತಾಂತರದ ಬಗ್ಗೆ ಆಗ ಪುಣೆಯಲ್ಲಿ ದೊಡ್ಡ ವಾದವೇ ನಡೆಯಿತು. ಆ ವಾದ ನಮಗಿಲ್ಲಿ ಬೇಡ. ಶಾರದಾ ಸದನದಲ್ಲಿ ಓದಿದ ಬಾಲವಿಧವೆ ಗೋದೂಬಾಯಿಯವರನ್ನೇ 1893ರಲ್ಲಿ ಧೋಂಡೋ ಕೇಶವ ಕರ್ವೆಯವರು ಮದುವೆಯಾದರು. 1896ರಲ್ಲಿ ಕರ್ವೆಯವರೂ ಅನಾಥ ಬಾಲಿಕಾಶ್ರಮ ತೆರೆದರು. ಒಂದು ಮನೆಯಿಂದ ಇನ್ನೊಂದು ಮನೆ ಹುಟ್ಟಿದ್ದು ಹೀಗೆ.

ಈ ಹಳೆಯ ಮಾತು ಈಗೇಕೆಂದರೆ, ಇಂದು ಬಾಲಗೃಹದಲ್ಲಿ ಬೆಳೆದ ಹುಡುಗಿಗೆ ಹದಿನೆಂಟು ತುಂಬಿದಾಗ ಇದೇ ಪ್ರಶ್ನೆ ಎದುರಾಗುತ್ತದೆ. ಕಾನೂನಿನಲ್ಲಿ ಹೆಣ್ಣಿನ ಮದುವೆಯ ವಯಸ್ಸೂ ಅದೇ, ಬಾಲಗೃಹ ಬಿಡುವ ವಯಸ್ಸೂ ಅದೇ. ಆದ್ದರಿಂದ ಎಲ್ಲರ ಬಾಯಲ್ಲೂ ಒಂದೇ ಮಾತು: "ಯಾರಿಗಾದರೂ ಕೊಟ್ಟುಬಿಟ್ಟರಾಯಿತು." ಈ ಮಾತು ನಮಗೆ ಒಪ್ಪಿಗೆಯಿಲ್ಲ. ತವರುಮನೆಯಿರುವ ಹುಡುಗಿ ಗಂಡನ ಮನೆಯಲ್ಲಿ ಕಷ್ಟ ಬಂದರೆ ಹಿಂದಿರುಗಿ ಬರಬಲ್ಲಳು. ತವರೇ ಇಲ್ಲದವಳು ಯಾವ ಬಾಗಿಲು ತಟ್ಟಬೇಕು? ಅವಳಿಗೆ ಮೊದಲು ಬೇಕಾದದ್ದು ಎರಡು ಮೂರು ವರ್ಷ ನಿಂತು ಓದು ಮುಗಿಸಿ, ಕೆಲಸ ಹಿಡಿದು, ನಾಲ್ಕು ಕಾಸು ಕೂಡಿಡಲು ಒಂದು ಮನೆ.

ಇದಕ್ಕೆ ಕಾನೂನು ಇಲ್ಲವೆಂದಲ್ಲ. 2015ರ ಬಾಲನ್ಯಾಯ ಕಾಯಿದೆಯಂತೆ ಬಾಲಗೃಹದಿಂದ ಹೊರಬಂದವರಿಗೆ 21 ವರ್ಷದವರೆಗೆ ಸರಕಾರ ನೆರವು ನೀಡಬಹುದು. ಆರೆಂಟು ಜನ ಕೂಡಿ ಇರುವಂಥ ತಾತ್ಕಾಲಿಕ ವಸತಿಯ ಮಾತು 2016ರ ಮಾದರಿ ನಿಯಮಗಳಲ್ಲಿದೆ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಗೊತ್ತುಮಾಡಿದ್ದಾರೆ. ಪುಣೆಯಲ್ಲಿ ಬಾಡಿಗೆ ಕೊಟ್ಟು ಉಣ್ಣುವವರಿಗೆ ಇದು ಎಷ್ಟು ದಿನಕ್ಕೆ ಸಾಕಾದೀತೆಂಬುದನ್ನು ಪಾಲಕರೇ ಲೆಕ್ಕ ಹಾಕಲಿ. ಮನೆಯವರ ಹೊಡೆತ ತಾಳದೆ ಹೊರಬಿದ್ದ ಹುಡುಗಿಗೆ ಸಖಿ ಕೇಂದ್ರವಿದೆ, ಆದರೆ ಅಲ್ಲಿ ಐದು ದಿನಗಳ ಆಸರೆ ಮಾತ್ರ. ಅನಂತರ ಶಕ್ತಿ ಸದನಕ್ಕೆ ಹೋಗಬೇಕು. ದಾರಿ ತೋರಿಸುವವರು ಜೊತೆಗಿಲ್ಲದಿದ್ದರೆ ಆ ಐದು ದಿನ ಕಳೆಯುವುದು ತಿಳಿಯುವುದೇ ಇಲ್ಲ.

ನಮ್ಮ ಅಕ್ಕಲಕೋಟೆ, ಜತ್ತ ಭಾಗದ ಹುಡುಗಿಗೆ ಇನ್ನೊಂದು ತೊಡಕೂ ಉಂಟು. ಕಬ್ಬು ಕಡಿಯಲು ತಂದೆತಾಯಿ ಹೋದಾಗ ಅಜ್ಜಿಯ ಹತ್ತಿರ ಉಳಿದವಳು, ಅಜ್ಜಿ ತೀರಿಕೊಂಡರೆ ಒಂಟಿ. ಅವಳು ಕಲಿತದ್ದು ಕನ್ನಡದಲ್ಲಿ, ಕಚೇರಿಯ ಕಾಗದವಿರುವುದು ಮರಾಠಿಯಲ್ಲಿ. ಮನೆ ಬಿಡುವಾಗ ದಾಖಲೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುವವರು ಯಾರು?

ಇಲ್ಲಿ ಶಾಲೆಯೂ ಮಾಡಬಹುದಾದದ್ದಿದೆ. ಹಳೆಯ ವಿದ್ಯಾರ್ಥಿನಿ ಯಾವಾಗ ಬಂದು ಕೇಳಿದರೂ, ಪಾಲಕರನ್ನು ಕರೆದುಕೊಂಡು ಬಾ ಎನ್ನದೆ ಅವಳ ಪ್ರಮಾಣಪತ್ರದ ನಕಲು ಕೊಡಬೇಕು. ಮರಾಠಿ ಅರ್ಜಿ ಬರೆದುಕೊಡಲು ಒಬ್ಬ ಶಿಕ್ಷಕರಿರಬೇಕು. ಮಹಿಳೆಯರ ಸಹಾಯವಾಣಿ 181, ಮಕ್ಕಳದು 1098. ಈ ಎರಡು ಸಂಖ್ಯೆಗಳನ್ನು ಹುಡುಗಿಯರ ಕೋಣೆಯ ಗೋಡೆಯ ಮೇಲೆ ಕನ್ನಡದಲ್ಲಿಯೇ, ದೊಡ್ಡದಾಗಿ ಬರೆಸಬೇಕೆಂದು ನಾವು ಶಾಲಾ ಸಮಿತಿಯನ್ನು ಕೇಳಿಕೊಳ್ಳುತ್ತೇವೆ. ಬಣ್ಣದ ಖರ್ಚನ್ನು ಹತ್ತನೆಯ ವರ್ಗದವರು ಕೊಡುತ್ತೇವೆ.