ಪಾಸ್‌ಬುಕ್ಕಿನ ಆ ಸಣ್ಣ ಸಾಲು

ಬೋಳಾರದಲ್ಲಿ ಬೀಡಿ ಕಟ್ಟುವ ತಾಯಿಯೊಬ್ಬರು ಮಗಳ ವಿದ್ಯಾರ್ಥಿವೇತನಕ್ಕೆಂದು ಉಳಿತಾಯ ಖಾತೆ ತೆರೆದರು ಎಂದಿಟ್ಟುಕೊಳ್ಳಿ. ಹಣ ಬಂತು, ಫೀಸಿಗೆ ಹೋಯಿತು. ಉಳಿದ ಇನ್ನೂರು ರೂಪಾಯಿ ಕೆಲವೇ ತಿಂಗಳಲ್ಲಿ ಕರಗಿತು. ಕಾರಣ, ಕನಿಷ್ಠ ಶಿಲ್ಕು ಇಲ್ಲವೆಂಬ ದಂಡ. ಇದ್ದವರಿಗಿಲ್ಲದ ದಂಡ ಇಲ್ಲದವರಿಗೆ!

ಕರಾವಳಿ ಬ್ಯಾಂಕುಗಳ ತವರು. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಬ್ಯಾಂಕಿಗೆ ಬುನಾದಿ ಹಾಕಿದ್ದು ಮಂಗಳೂರಿನಲ್ಲೇ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಉಡುಪಿಯ ಸಂಸ್ಥೆ 1928ರಲ್ಲಿ ಪಿಗ್ಮಿ ಯೋಜನೆ ಆರಂಭಿಸಿ, ಮನೆಬಾಗಿಲಲ್ಲಿ ದಿನಕ್ಕೆ ಎರಡಾಣೆಯನ್ನೂ ಸ್ವೀಕರಿಸಿತು. ಬಡವರ ಬಳಿಗೆ ಬ್ಯಾಂಕೇ ನಡೆದು ಬಂದ ಕಾಲವದು.

ಇಂದೂ ದಾರಿಯಿದೆ. 2012ರಲ್ಲಿ ರಿಸರ್ವ್ ಬ್ಯಾಂಕ್ ಜಾರಿಗೆ ತಂದ ಮೂಲ ಉಳಿತಾಯ ಖಾತೆಗೆ ಕನಿಷ್ಠ ಶಿಲ್ಕಿನ ಕಟ್ಟುಪಾಡಿಲ್ಲ. 2014ರ ಜನಧನ ಖಾತೆಯೂ ಅದೇ ಬಗೆಯದು. ಬೇರೆ ಖಾತೆಗಳಲ್ಲೂ ಈ ದಂಡದಿಂದಲೇ ಶಿಲ್ಕು ಸೊನ್ನೆಗಿಂತ ಕೆಳಗಿಳಿಯುವಂತಿಲ್ಲ; 2015ರ ಏಪ್ರಿಲ್‌ನಿಂದ ಇದು ನಿಯಮ. 2025ರ ಜೂನ್‌ನಲ್ಲಿ ಕೆನರಾ ಬ್ಯಾಂಕ್ ಉಳಿತಾಯ ಖಾತೆಗಳಿಗೆ ಈ ದಂಡವನ್ನೇ ಕೈಬಿಟ್ಟಿತು. ಆದರೆ ಎಲ್ಲ ಬ್ಯಾಂಕುಗಳ ನಿಯಮ ಒಂದೇ ಅಲ್ಲ.

ವಿದ್ಯಾರ್ಥಿಗಳೇ, ಇಂದು ಸಂಜೆ ಪಾಸ್‌ಬುಕ್ ತೆರೆದು ಅಮ್ಮನಿಗೆ ಓದಿ ಹೇಳಿ. ದಂಡದ ಸಾಲು ಕಂಡರೆ, ಖಾತೆಯನ್ನು ಮೂಲ ಉಳಿತಾಯ ಖಾತೆಯಾಗಿ ಬದಲಿಸಲು ಬ್ಯಾಂಕಿಗೆ ಅರ್ಜಿ ಬರೆದುಕೊಡಿ. ಕಲಿತ ಅಕ್ಷರ ಮೊದಲು ಮನೆಗೆ ಉಪಯೋಗವಾಗಲಿ.