ಒರೆಗಲ್ಲನ್ನು ಬದಲಿಸುವಾಗ

ಅಕ್ಕಸಾಲಿಗನು ಚಿನ್ನವನ್ನು ಒರೆಗೆ ಹಚ್ಚಿ ನೋಡುತ್ತಾನೆ. ಒರೆಗಲ್ಲನ್ನೇ ಬದಲಿಸಬೇಕಾಗಿ ಬಂದರೆ ಹೊಸ ಕಲ್ಲನ್ನು ಯಾವುದಕ್ಕೆ ಹಚ್ಚಿ ನೋಡುವುದು? ಬಹುಕಾಲದಿಂದ ಬಳಕೆಯಲ್ಲಿರುವ ತಂತ್ರಾಂಶಗಳನ್ನು ಕಾಪಾಡುವವರಿಗೆ ಈ ಪ್ರಶ್ನೆ ಎಂದಾದರೊಮ್ಮೆ ಎದುರಾಗುತ್ತದೆ.

ಪೈಥಾನ್ ಭಾಷೆಯಲ್ಲಿ ಸಂಖ್ಯೆಗಳ ಲೆಕ್ಕಕ್ಕಾಗಿ ಇರುವ ನಂಪೈ ಎಂಬ ತಂತ್ರಾಂಶವನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ಕಾಲೇಜಿನಲ್ಲಿ ಬಳಸಿರಬಹುದು. ಅದರ 1.0 ಆವೃತ್ತಿ ಹೊರಬಂದುದು 2006ರಲ್ಲಿ. 2019ರಲ್ಲಿ ಪ್ರಕಟವಾದ ಕೃಷ್ಣರಂಧ್ರದ ಪ್ರಥಮ ಚಿತ್ರವನ್ನು ರೂಪಿಸುವಲ್ಲಿಯೂ ಅದರ ನೆರವಿತ್ತು. ಇಂಥ ತಂತ್ರಾಂಶದಲ್ಲಿ ಒಂದು ಸಾಲನ್ನು ತಿದ್ದಿದರೂ ಸಾವಿರಾರು ಚಿಕ್ಕ ಪರೀಕ್ಷೆಗಳನ್ನು ಮತ್ತೆ ನಡೆಸಿ, ನಿನ್ನೆ ಸರಿಯಾಗಿದ್ದ ಲೆಕ್ಕ ಇಂದೂ ಸರಿಯಾಗಿದೆಯೇ ಎಂದು ನೋಡುತ್ತಾರೆ. ಆ ಪರೀಕ್ಷೆಗಳನ್ನು ಹುಡುಕಿ, ನಡೆಸಿ, ಫಲವನ್ನು ವರದಿಮಾಡುವ ಸಾಧನವು ಬೇರೆಯೇ ಒಂದು ತಂತ್ರಾಂಶ. ನಂಪೈ ಬಹುಕಾಲ ನಂಬಿದ್ದುದು ನೋಸ್ ಎಂಬ ಸಾಧನವನ್ನು. ನೋಸ್‌ನ ಕೊನೆಯ ಆವೃತ್ತಿ 2015ರ ಜೂನ್‌ನಲ್ಲಿ ಬಂದಿತು. ಅದರ ಬೆಳವಣಿಗೆ ಅಲ್ಲಿಗೆ ನಿಂತಿತು. 2018ರಲ್ಲಿ ನಂಪೈ ಅದನ್ನು ಬಿಟ್ಟು ಪೈಟೆಸ್ಟ್ ಎಂಬ ಸಾಧನವನ್ನು ಹಿಡಿಯಿತು.

ಇದು ಯೋಗ್ಯವಾದ ನಿರ್ಧಾರವೆಂದೇ ನಾವು ಎಣಿಸುತ್ತೇವೆ. ಹೊಸದು ಅಂದವಾಗಿದೆ, ಬರೆಯಲು ಸುಲಭ ಎಂಬುದಷ್ಟೇ ಕಾರಣವಾಗಿದ್ದರೆ ಹೀಗೆನ್ನುತ್ತಿರಲಿಲ್ಲ. ಆರೈಕೆಯಿಲ್ಲದ ಸಾಧನ ಇಂದು ನಡೆಯುತ್ತಿದ್ದರೂ ನಾಳೆ ಭಾಷೆಯೇ ಬದಲಾದಾಗ ನಿಂತುಹೋಗುತ್ತದೆ. 2021ರಲ್ಲಿ ಪೈಥಾನ್ 3.10 ಬಂದಾಗ ನೋಸ್‌ನ ಆ ಕೊನೆಯ ಆವೃತ್ತಿಗೆ ಆದುದೂ ಇದೇ.

ಆದರೆ ಬದಲಾವಣೆಯ ಅಪಾಯವನ್ನು ಜನರು ತಪ್ಪು ಜಾಗದಲ್ಲಿ ಹುಡುಕುವುದುಂಟು. ಹೊಸ ಸಾಧನದಲ್ಲಿ ಪರೀಕ್ಷೆಗಳು ಸೋತರೆ ಭಯವಿಲ್ಲ; ಅವು ಕಣ್ಣಿಗೆ ಬೀಳುತ್ತವೆ. ಭಯಪಡಬೇಕಾದುದು ನಡೆಯದೆಯೇ ತೇರ್ಗಡೆಯಾಗುವ ಪರೀಕ್ಷೆಗೆ. ನೋಸ್‌ನಲ್ಲಿ 'ಯೀಲ್ಡ್' ಎಂಬ ಪದವನ್ನು ಬಳಸಿ ಒಂದೇ ಫಂಕ್ಷನ್ನಿನಿಂದ ಹಲವು ಪರೀಕ್ಷೆಗಳನ್ನು ಹೊರಡಿಸುವ ಪದ್ಧತಿಯಿತ್ತು. ಪೈಥಾನಿನಲ್ಲಿ ಇಂಥ ಫಂಕ್ಷನ್ನನ್ನು ಕರೆದ ಮಾತ್ರಕ್ಕೆ ಅದರೊಳಗಿನ ಒಂದು ಸಾಲೂ ನಡೆಯುವುದಿಲ್ಲ. ಅದು ಕೊಡುವ ಫಲಗಳನ್ನು ಒಂದೊಂದಾಗಿ ಕೇಳಿದಾಗಲೇ ನಡೆಯುವುದು. ಈ ಪದ್ಧತಿಯನ್ನರಿಯದ ಸಾಧನವು ಫಂಕ್ಷನ್ನನ್ನು ಕರೆದು, ದೋಷವೇನನ್ನೂ ಕಾಣದೆ, 'ಸರಿಯಿದೆ' ಎಂದು ಬರೆದುಕೊಳ್ಳಬಹುದು. ತರಗತಿಯೊಳಕ್ಕೆ ಇಣುಕದೆ ಹಾಜರಿ ಹಾಕಿದಂತೆ! ಮುಂದೆ ಅಲ್ಲಿ ತಪ್ಪೊಂದು ನುಸುಳಿದರೆ ಅದು ನೇರವಾಗಿ ಯಾರೋ ವಿಜ್ಞಾನಿಯ ಲೆಕ್ಕಕ್ಕೆ ಸೇರುತ್ತದೆ.

ಆದುದರಿಂದ ಬದಲಾವಣೆಗೆ ಮೊದಲು ಎಷ್ಟು ಪರೀಕ್ಷೆಗಳು ನಡೆದವು, ಅನಂತರ ಎಷ್ಟು ನಡೆದವು ಎಂದು ತಾಳೆನೋಡಲೇಬೇಕು. ಅಷ್ಟೇ ಸಾಲದು. ಬೇಕೆಂದೇ ಒಂದು ತಪ್ಪನ್ನು ಬಿತ್ತಿ, ಹೊಸ ಸಾಧನ ಅದನ್ನು ಹಿಡಿಯುವುದೇ ಎಂದು ನೋಡಬೇಕು. ಆ ದಿನಗಳಲ್ಲಿ ಲೆಕ್ಕದ ವಿಧಾನಗಳನ್ನು ಮುಟ್ಟಲೂಬಾರದು; ಚಿನ್ನವನ್ನೂ ಒರೆಗಲ್ಲನ್ನೂ ಒಟ್ಟಿಗೆ ಬದಲಿಸಿದರೆ ದೋಷ ಯಾವುದರದೆಂದು ಹೇಳುವವರಾರು?

ನಂಪೈಗೆ ಒಂದು ಅನುಕೂಲವಿತ್ತು. ಎರಡು ಸಂಖ್ಯೆಗಳು ಸಾಕಷ್ಟು ಸಮೀಪವಾಗಿವೆಯೇ ಎಂದು ಹೋಲಿಸುವ ವಿಧಿಗಳು ಅದರ ಸ್ವಂತದವಾಗಿದ್ದುವು, ಅವನ್ನು ಬದಲಿಸಬೇಕಾಗಲಿಲ್ಲ. ತನ್ನನ್ನು ಆಶ್ರಯಿಸಿದ್ದ ಇತರ ಯೋಜನೆಗಳಿಗಾಗಿ ನೋಸ್‌ಗೆ ಸಂಬಂಧಿಸಿದ ಹಳೆಯ ಸಲಕರಣೆಗಳನ್ನು ಅದು 2023ರವರೆಗೂ ಉಳಿಸಿಕೊಂಡಿತ್ತು. ಐದು ವರ್ಷ ಹೆಚ್ಚಾಯಿತೆಂದು ಕೆಲವರಿಗೆ ತೋರಬಹುದು. ನಮಗೆ ಹಾಗೆ ತೋರುವುದಿಲ್ಲ.